ದೂರದ ವೈದ್ಯ, ಹತ್ತಿರದ ನೆರವು

(ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಆವರಣದಲ್ಲಿ ಜರುಗಿದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮ ನೆನಪಿಗೆ ಬರುವುದು ಗರ್ಭಿಣಿಯ ತಪಾಸಣೆ, ಸುರಕ್ಷಿತ ಹೆರಿಗೆ, ಮಗುವಿಗೆ ಚುಚ್ಚುಮದ್ದು, ಎರಡು ಹೆರಿಗೆಗಳ ನಡುವಣ ಅಂತರ ಇವೇ ಮೊದಲಾದ ವಿಷಯಗಳು. ಇವೆಲ್ಲವೂ ಅವಶ್ಯವಾದುವೇ. ಆದರೆ ಈ ಎಲ್ಲ ಸೌಲಭ್ಯಗಳನ್ನು ಪಡೆದ ಮನೆಯಲ್ಲಿಯೂ ಒಮ್ಮೊಮ್ಮೆ ನೆಮ್ಮದಿ ಇರುವುದಿಲ್ಲ. ಮಗು ದುಂಡಗಿರುತ್ತದೆ, ತಾಯಿ ಮಾತ್ರ ಬಾಡಿರುತ್ತಾಳೆ. ಬೆಳೆ ಚೆನ್ನಾಗಿ ಬಂದಿರುತ್ತದೆ, ಮನೆಯ ಯಜಮಾನ ಮಾತ್ರ ಯಾರೊಡನೆಯೂ ಮಾತನಾಡದೆ ಜಗಲಿಯ ಮೂಲೆಯಲ್ಲಿ ಕುಳಿತಿರುತ್ತಾನೆ. ಚಿತೆಯು ಸತ್ತವರನ್ನು ಸುಡುತ್ತದೆ, ಚಿಂತೆಯು ಬದುಕಿರುವವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇಂದು ನಾನು ಮನಸ್ಸಿನ ಕಾಯಿಲೆಗಳನ್ನು ಕುರಿತು, ಅದರಲ್ಲಿಯೂ ಮನೋವೈದ್ಯರು ದೂರದ ಊರಿನಲ್ಲಿದ್ದರೂ ದೂರವಾಣಿಯ ಮೂಲಕ, ದೃಶ್ಯಸಂಪರ್ಕದ ಮೂಲಕ ಅವರ ಚಿಕಿತ್ಸೆಯನ್ನು ಪಡೆಯುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ನಾವು ಕೇಳದೆ ಹೋದ ಪ್ರಶ್ನೆ

ಮೊದಲಿಗೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಹೆಸರು, ಊರು ಹೇಳುವುದು ಉಚಿತವಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಒಬ್ಬ ತಾಯಿ ತನ್ನ ಎರಡನೆಯ ಮಗುವಿಗೆ ಚುಚ್ಚುಮದ್ದು ಹಾಕಿಸಲು ತಪ್ಪದೆ ಬರುತ್ತಿದ್ದಳು. ಆರನೆಯ ವಾರದಲ್ಲಿ ಬಂದಾಗ ಬೆನ್ನುನೋವು ಎಂದಳು. ಹತ್ತನೆಯ ವಾರದಲ್ಲಿ ನಿದ್ರೆ ಬರುತ್ತಿಲ್ಲ ಎಂದಳು. ಹದಿನಾಲ್ಕನೆಯ ವಾರದಲ್ಲಿ ಏನನ್ನೂ ಹೇಳಲಿಲ್ಲ. ನಾವು ಪ್ರತಿ ಸಲವೂ ಕಬ್ಬಿಣಾಂಶದ ಮಾತ್ರೆ ಕೊಟ್ಟೆವು, ಮಗುವಿನ ತೂಕ ನೋಡಿ ಸಂತೋಷಪಟ್ಟೆವು, ಮುಂದಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆದು ಕಳುಹಿಸಿದೆವು. ಮತ್ತೆರಡು ವಾರಗಳಲ್ಲಿ ಆಕೆ ಪ್ರಾಣ ಕಳೆದುಕೊಳ್ಳಲು ಮುಂದಾದಳೆಂಬ ಸುದ್ದಿ ಬಂದಿತು. ನೆರೆಮನೆಯವರು ಸಕಾಲದಲ್ಲಿ ಕಂಡದ್ದರಿಂದ ಉಳಿದಳು.

ಅನಂತರ ಆಕೆಯೊಡನೆ ಕುಳಿತು ಮಾತನಾಡಿದಾಗ, "ಮೂರು ಸಲ ಬಂದೆಯಲ್ಲ ತಾಯಿ, ಒಮ್ಮೆಯಾದರೂ ಹೇಳಬಾರದಿತ್ತೇ?" ಎಂದು ಕೇಳಿದೆ. "ಮಗುವನ್ನು ಕೇಳಿದಿರಿ, ಹಾಲನ್ನು ಕೇಳಿದಿರಿ, ಹೊಲಿಗೆ ಮಾಗಿತೇ ಎಂದು ಕೇಳಿದಿರಿ. ನೀನು ಹೇಗಿದ್ದೀ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ," ಎಂದಳು. ಪಕ್ಕದಲ್ಲಿ ಕುಳಿತಿದ್ದ ಆಕೆಯ ಗಂಡ ತಲೆ ತಗ್ಗಿಸಿದನು. ನಾನೂ ತಲೆ ತಗ್ಗಿಸಿದೆ. ಅಂದಿನಿಂದ ನನ್ನ ಕೇಂದ್ರಕ್ಕೆ ಬರುವ ಪ್ರತಿಯೊಬ್ಬ ಬಾಣಂತಿಗೂ ಆ ಪ್ರಶ್ನೆಯನ್ನು ಕೇಳದೆ ಕಳುಹಿಸುವುದಿಲ್ಲವೆಂದು ನಿಶ್ಚಯಿಸಿಕೊಂಡೆ.

ಇದು ಎಲ್ಲೋ ಒಂದೆಡೆ ನಡೆಯುವ ಅಪರೂಪದ ಸಂಗತಿಯೆಂದು ಭಾವಿಸಬೇಡಿ. ಭಾರತದಲ್ಲಿ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಹೆರಿಗೆಯ ನಂತರದ ಖಿನ್ನತೆ ಉಂಟಾಗುತ್ತದೆಂದು 2017ರಲ್ಲಿ ಪ್ರಕಟವಾದ ವರದಿಯೊಂದು ತಿಳಿಸಿದೆ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನೂರು ವಯಸ್ಕರಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಹೀಗೆ ಬಳಲುವವರಲ್ಲಿ ಕಾಯಿಲೆಯ ಬಗೆಗೆ ಅನುಗುಣವಾಗಿ ನೂರಕ್ಕೆ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದರೆ ಹತ್ತು ಮಂದಿ ರೋಗಿಗಳಲ್ಲಿ ಏಳೆಂಟು ಮಂದಿಯಾದರೂ ಮೌನವಾಗಿ ನರಳುತ್ತಿದ್ದರು.

ಚಿಕಿತ್ಸೆ ಏಕೆ ದೂರವಾಗಿತ್ತು?

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ತಿಳಿವಳಿಕೆಯ ಕೊರತೆ. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಇದೆಲ್ಲ ಸೊಕ್ಕು, ಸೋಮಾರಿತನ ಎಂಬ ಮಾತುಗಳಲ್ಲಿಯೇ ತಿಂಗಳುಗಳು ಕಳೆಯುತ್ತವೆ. ಎರಡನೆಯದು ಲೋಕಾಪವಾದದ ಭಯ. ಆಸ್ಪತ್ರೆಗೆ ಹೋದರೆ "ಹುಚ್ಚು" ಎಂಬ ಹೆಸರು ಬರುತ್ತದೆ, ತಂಗಿಯ ಮದುವೆಗೆ ಅಡ್ಡಿಯಾಗುತ್ತದೆ ಎಂದು ಮನೆಯವರು ಅಂಜುತ್ತಾರೆ. ಮೂರನೆಯದು ದೂರ. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರಲ್ಲಿಯೂ ಹೆಚ್ಚಿನವರು ನಗರಗಳಲ್ಲಿ ನೆಲೆಸಿದ್ದಾರೆ. ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ, ದನಕರು ನೋಡಿಕೊಳ್ಳುವವರಿಲ್ಲ, ಎಳೆಗೂಸನ್ನು ಬಿಟ್ಟು ಹೋಗುವಂತಿಲ್ಲ. ಮೊದಲ ಸಲ ಹೇಗೋ ಹೋದವರು ಎರಡನೆಯ ಸಲ ಹೋಗುವುದಿಲ್ಲ. ಮಾತ್ರೆ ಮುಗಿದೊಡನೆ ಚಿಕಿತ್ಸೆಯೂ ಮುಗಿಯುತ್ತದೆ, ಕಾಯಿಲೆ ಮರುಕಳಿಸುತ್ತದೆ.

ಈ ದೂರವನ್ನು ಕಡಮೆ ಮಾಡುವ ಪ್ರಯತ್ನದಲ್ಲಿ ನಮ್ಮ ಕರ್ನಾಟಕ ಮುಂದಿದೆಯೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನಲ್ಲಿದ್ದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇವೆರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಾಯಿತು. ಅಲ್ಲಿನ ವೈದ್ಯರು ರೋಗಿಗಳು ತಮ್ಮ ಬಳಿಗೆ ಬರಲೆಂದು ಕಾಯದೆ, ಆ ದಶಕದಲ್ಲಿಯೇ ಬೆಂಗಳೂರಿನ ಸಮೀಪದ ಸಕಲವಾರ ಗ್ರಾಮದಲ್ಲಿ ಗ್ರಾಮೀಣ ಕೇಂದ್ರವನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲಿಯೇ ಚಿಕಿತ್ಸೆ ನೀಡಲು ಸಾಧ್ಯವೆಂದು ತೋರಿಸಿಕೊಟ್ಟರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಡೀ ಒಂದು ಜಿಲ್ಲೆಯಲ್ಲಿ ಇದನ್ನು ಆಚರಣೆಗೆ ತರಬಹುದೇ ಎಂಬುದನ್ನು 1985ರಿಂದ ಮೊದಲುಗೊಂಡು ಪರೀಕ್ಷಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆ "ಬಳ್ಳಾರಿ ಮಾದರಿ"ಯನ್ನೇ ಅನುಸರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮುಂದೆ 2014ರಲ್ಲಿ ಆರಂಭವಾದ "ಮನೋಚೈತನ್ಯ" ಕಾರ್ಯಕ್ರಮದಡಿ, ನಿಗದಿತ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುವ ವ್ಯವಸ್ಥೆಯಾಯಿತು.

ಆದರೂ ಹಳ್ಳಿಗೂ ತಾಲ್ಲೂಕಿಗೂ ನಡುವೆ ದಾರಿ ಉಳಿದೇ ಇತ್ತು. ಆ ದಾರಿಯನ್ನು ಈಗ ದೂರಸಂಪರ್ಕ ತುಂಬುತ್ತಿದೆ.

ದೂರದಿಂದ ಮನಸ್ಸನ್ನು ನೋಡಬಹುದೇ?

"ನಾಡಿ ಹಿಡಿಯದೆ ಔಷಧಿ ಕೊಡುವುದು ಹೇಗೆ ಸ್ವಾಮಿ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಯೋಗ್ಯವಾದದ್ದೇ. ಹೊಟ್ಟೆಯ ಗಡ್ಡೆಯನ್ನು ಕೈಯಿಂದ ಒತ್ತಿಯೇ ನೋಡಬೇಕು, ಮುರಿದ ಮೂಳೆಯನ್ನು ಮುಟ್ಟಿಯೇ ಕೂಡಿಸಬೇಕು. ಆದರೆ ಮನೋವೈದ್ಯರ ಪರೀಕ್ಷೆಯ ಬಹುಭಾಗ ನಡೆಯುವುದು ಮಾತಿನಲ್ಲಿ. ರೋಗಿ ಏನು ಹೇಳುತ್ತಾನೆ, ಹೇಗೆ ಹೇಳುತ್ತಾನೆ, ಯಾವ ಮಾತಿಗೆ ಕಣ್ಣು ತುಂಬುತ್ತದೆ, ಎಲ್ಲಿ ಮಾತು ತಡೆಯುತ್ತದೆ, ಮನೆಯವರು ಏನನ್ನು ಗಮನಿಸಿದ್ದಾರೆ ಇವೇ ಅವರಿಗೆ ನಾಡಿ. ಇವನ್ನು ಪರದೆಯ ಮೇಲೆಯೂ ಬಹುಮಟ್ಟಿಗೆ ಕಾಣಬಹುದು, ಕೇಳಬಹುದು. ಆದಕಾರಣವೇ ದೂರಚಿಕಿತ್ಸೆಗೆ ಉಳಿದ ಹಲವು ಕಾಯಿಲೆಗಳಿಗಿಂತ ಮಾನಸಿಕ ಕಾಯಿಲೆಗಳು ಹೆಚ್ಚು ಹೊಂದಿಕೊಳ್ಳುತ್ತವೆ.

ನಾನು ಮೊದಲು ಹೇಳಿದ ತಾಯಿಯ ಚಿಕಿತ್ಸೆ ಹೀಗೆಯೇ ಮುಂದುವರಿಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಕೆಲವು ದಿನಗಳಿದ್ದು ಊರಿಗೆ ಮರಳಿದ ಮೇಲೆ, ಹದಿನೈದು ದಿನಗಳಿಗೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಆ ಕುಟುಂಬಕ್ಕೆ ಅಸಾಧ್ಯವಾಗಿತ್ತು. ನಮ್ಮ ಕೇಂದ್ರದ ಒಂದು ಕೋಣೆಯಲ್ಲಿ ಬಾಗಿಲು ಮುಚ್ಚಿ, ಪರದೆಯ ಮುಂದೆ ಅವಳನ್ನು ಕೂರಿಸಿದೆವು. ಮನೋವೈದ್ಯರು ಮೊದಲು ತಮ್ಮ ಹೆಸರು ಹೇಳಿದರು, ಈ ರೀತಿ ಮಾತನಾಡಲು ಒಪ್ಪಿಗೆಯಿದೆಯೇ ಎಂದು ಕೇಳಿದರು, ಕೋಣೆಯಲ್ಲಿ ಯಾರು ಯಾರಿದ್ದಾರೆಂದು ವಿಚಾರಿಸಿದರು. ಬಳಿಕ ಗಂಡನನ್ನೂ ಅತ್ತೆಯನ್ನೂ ಸ್ವಲ್ಪ ಹೊತ್ತು ಹೊರಗೆ ಕಳುಹಿಸಿ ಅವಳೊಬ್ಬಳೊಡನೆಯೇ ಮಾತನಾಡಿದರು. ಮೊದಲ ಐದು ನಿಮಿಷ ಅವಳು ಸೆರಗಿನ ಅಂಚನ್ನು ಸುತ್ತುತ್ತ ಕುಳಿತಿದ್ದಳು. ಆಮೇಲೆ ಪರದೆ ಇದೆಯೆಂಬುದನ್ನೇ ಮರೆತು ಮಾತನಾಡಿದಳು. ಕೊನೆಗೆ ಗಂಡನನ್ನು ಒಳಗೆ ಕರೆದು, ಮಾತ್ರೆಯನ್ನು ಯಾರು ಇಟ್ಟುಕೊಳ್ಳಬೇಕು, ರಾತ್ರಿ ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳಿದರು. ಔಷಧಿಯ ಚೀಟಿಯ ಪ್ರಕಾರ ಮಾತ್ರೆಗಳನ್ನು ಕೊಡಿಸಿದೆವು. ರಕ್ತದ ಪರೀಕ್ಷೆ, ತೂಕ, ರಕ್ತದೊತ್ತಡಗಳನ್ನು ನಾವು ನೋಡಿ ತಿಳಿಸುತ್ತಿದ್ದೆವು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದಳು. ಸುಮಾರು ಒಂದು ತಿಂಗಳಲ್ಲಿ ಅವಳಿಗೆ ನಿದ್ರೆ ಮರಳಿತು, ಮೂರನೆಯ ತಿಂಗಳಲ್ಲಿ ಮಗುವನ್ನು ಎತ್ತಿಕೊಂಡು ನಗುವುದನ್ನು ಕಂಡೆನು. ಚಿಕಿತ್ಸೆ ಅಲ್ಲಿಗೇ ನಿಲ್ಲಲಿಲ್ಲ, ವೈದ್ಯರು ಹೇಳುವವರೆಗೂ ಮುಂದುವರಿಯಿತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ದೂರದಲ್ಲಿದ್ದವರು ಮನೋವೈದ್ಯರು ಮಾತ್ರ. ತೂಕ ನೋಡುವ ದಾದಿ, ಮಾತ್ರೆ ಕೊಡುವ ಔಷಧಾಲಯ, ಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಪಕ್ಕದಲ್ಲಿ ಕೂರುವ ಗಂಡ ಇವರೆಲ್ಲರೂ ಹತ್ತಿರದಲ್ಲಿಯೇ ಇದ್ದರು. ಹತ್ತಿರದವರು ಕೈಬಿಟ್ಟರೆ ದೂರದ ವೈದ್ಯರು ಏನನ್ನೂ ಮಾಡಲಾರರು.

ಮನೆಯಿಂದಲೇ ಕರೆಯಬಹುದಾದ ಸಂಖ್ಯೆ

2022ರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು "ಟೆಲಿ ಮಾನಸ್" ಎಂಬ ರಾಷ್ಟ್ರೀಯ ಸೇವೆ ಆರಂಭವಾಯಿತು. ಇದರ ಪ್ರಧಾನ ಕೇಂದ್ರ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ. ಸಂಖ್ಯೆ 14416. ಈ ಐದು ಅಂಕಿಗಳನ್ನು ದಯವಿಟ್ಟು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಹಗಲಿರುಳೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಲೆಬಾಳುವ ದೂರವಾಣಿ ಬೇಕಿಲ್ಲ, ಗುಂಡಿಗಳಿರುವ ಸಣ್ಣ ಮೊಬೈಲ್ ಸಾಕು.

ಕರೆ ಮಾಡಿದಾಗ ಮೊದಲು ಭಾಷೆಯನ್ನು ಆರಿಸಿಕೊಳ್ಳಬೇಕು. ಅನಂತರ ತರಬೇತಿ ಪಡೆದ ಆಪ್ತಸಲಹೆಗಾರರು ಮಾತನಾಡುತ್ತಾರೆ. ಅವರ ಸಲಹೆಯಿಂದಲೇ ಸಮಾಧಾನ ದೊರೆಯುವಂತಿದ್ದರೆ ಅಲ್ಲಿಗೆ ಸರಿ. ಔಷಧಿ ಅವಶ್ಯವಾಗಿ ಕಂಡರೆ ಅಥವಾ ತೊಂದರೆ ಗಂಭೀರವಾಗಿದ್ದರೆ ತಜ್ಞರಿಗೆ ಒಪ್ಪಿಸುತ್ತಾರೆ. ಮುಖತಃ ನೋಡಬೇಕಾದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ಕಳುಹಿಸುತ್ತಾರೆ. "ಇ-ಸಂಜೀವಿನಿ" ಎಂಬ ಮತ್ತೊಂದು ಸರ್ಕಾರಿ ವ್ಯವಸ್ಥೆಯ ಮೂಲಕವೂ ದೃಶ್ಯಸಂಪರ್ಕದಲ್ಲಿ ವೈದ್ಯರನ್ನು ಕಾಣಬಹುದು. ಇದಕ್ಕೆ ನೆರವಾಗಲು ನಮ್ಮ ಕೇಂದ್ರದ ಸಿಬ್ಬಂದಿ ಇದ್ದಾರೆ.

ರೋಗಿಯೇ ಕರೆ ಮಾಡಬೇಕೆಂಬ ನಿಯಮವಿಲ್ಲ. ಹೆಂಡತಿಯ ಸ್ಥಿತಿ ಕಂಡು ಕಳವಳಗೊಂಡ ಗಂಡ, ಗಂಡನ ಕುಡಿತದಿಂದ ನೊಂದ ಹೆಂಡತಿ, ಮಗನನ್ನು ಕುರಿತು ಚಿಂತಿಸುವ ತಂದೆತಾಯಿಗಳು ಕರೆ ಮಾಡಿ, ತಾವು ಏನು ಮಾಡಬೇಕೆಂಬುದನ್ನು ಕೇಳಬಹುದು. ಹೇಳಿದ ವಿಷಯವನ್ನು ಗೋಪ್ಯವಾಗಿಡಲಾಗುತ್ತದೆ. ಆದರೆ ನಿಮ್ಮ ಮನೆಯೊಳಗೂ ಆ ಗೋಪ್ಯವನ್ನು ಕಾಪಾಡಬೇಕು. ಒಂದೇ ಮೊಬೈಲ್ ಇರುವ ಮನೆಯಲ್ಲಿ ಅದು ಸಾಮಾನ್ಯವಾಗಿ ಗಂಡಸಿನ ಜೇಬಿನಲ್ಲಿರುತ್ತದೆ. ಹೆಂಡತಿ ಮಾತನಾಡಬೇಕೆಂದಾಗ ಅದನ್ನು ಅವಳ ಕೈಗೆ ಕೊಟ್ಟು, ಅರ್ಧ ಗಂಟೆ ಹೊರಗಿನ ಜಗಲಿಯಲ್ಲಿ ಕುಳಿತುಕೊಳ್ಳುವುದು ಗಂಡನ ಕರ್ತವ್ಯ. "ಏನು ಮಾತನಾಡಿದೆ? ನನ್ನ ಮೇಲೆ ಏನು ದೂರು ಹೇಳಿದೆ?" ಎಂದು ಅಡ್ಡಪ್ರಶ್ನೆ ಹಾಕಿದರೆ ಮುಂದಿನ ಸಲ ಅವಳು ಮಾತನಾಡುವುದಿಲ್ಲ.

ಯಾವಾಗ ನೆರವು ಬೇಡಬೇಕು?

ಹೆರಿಗೆಯಾದ ಮೂರನೆಯ ಅಥವಾ ನಾಲ್ಕನೆಯ ದಿನ ಅನೇಕ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಮನಸ್ಸು ಅಲ್ಲೋಲಕಲ್ಲೋಲವಾಗುತ್ತದೆ. ಇದು ರೋಗವಲ್ಲ. ವಿಶ್ರಾಂತಿ, ಒಳ್ಳೆಯ ಮಾತು, ಮನೆಯವರ ಆಸರೆಗಳಿಂದ ಎರಡು ವಾರದೊಳಗೆ ತಾನಾಗಿ ಸರಿಹೋಗುತ್ತದೆ. ಎರಡು ವಾರ ಕಳೆದರೂ ಬೇಸರ ತೊಲಗದಿದ್ದರೆ, ಮಗು ಮಲಗಿದ್ದಾಗಲೂ ನಿದ್ರೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಮಗುವಿನ ಮೇಲೆ ಮಮತೆಯೇ ಹುಟ್ಟುತ್ತಿಲ್ಲವೆಂದು ತೋರಿದರೆ, ನಾನು ಯಾವುದಕ್ಕೂ ಬಾರದವಳು ಎಂಬ ಮಾತು ಪದೇ ಪದೇ ಬಂದರೆ ಅದು ಖಿನ್ನತೆ. ಅವಳು ಕೆಟ್ಟ ತಾಯಿಯಲ್ಲ, ಕಾಯಿಲೆಯ ತಾಯಿ. ರಕ್ತಹೀನತೆ ಹಾಗೂ ಥೈರಾಯ್ಡ್ ಗ್ರಂಥಿಯ ತೊಂದರೆಗಳೂ ಇದೇ ರೀತಿಯ ಲಕ್ಷಣಗಳನ್ನು ತೋರಬಲ್ಲವು. ಆದುದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಬೇಕು.

ಗಂಡಸರಲ್ಲಿ ಖಿನ್ನತೆ ಅಳುವಿನ ರೂಪದಲ್ಲಿ ಕಾಣುವುದು ಕಡಮೆ. ಸಿಡುಕು, ಮೌನ, ಹೆಚ್ಚಿದ ಕುಡಿತ, ಕೆಲಸದಲ್ಲಿ ನಿರಾಸಕ್ತಿ ಇವುಗಳ ರೂಪದಲ್ಲಿ ಕಾಣಬಹುದು. ಸಾಲದ ಹೊರೆ, ಮಳೆ ಕೈಕೊಟ್ಟ ವರ್ಷ, ಬೆಲೆ ಕುಸಿದ ಸುಗ್ಗಿ ಇವು ಮನಸ್ಸನ್ನು ಮುರಿಯುತ್ತವೆ. ದೂರವಾಣಿಯಲ್ಲಿ ಮಾತನಾಡಿದರೆ ಸಾಲ ತೀರುವುದಿಲ್ಲ, ನಿಜ. ಆದರೆ ಕುಸಿದ ಮನಸ್ಸಿಗೆ ಎಲ್ಲ ದಾರಿಗಳೂ ಮುಚ್ಚಿದಂತೆ ತೋರುತ್ತದೆ. ಚಿಕಿತ್ಸೆಯಿಂದ ಮನಸ್ಸು ತಿಳಿಯಾದಾಗ ತೆರೆದಿರುವ ದಾರಿ ಕಾಣುತ್ತದೆ.

"ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು" ಎಂಬಂತಹ ಮಾತು ಕೇಳಿಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. "ಸಾಯಬೇಕೆನ್ನಿಸುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಬದಲಾಗಿ ಎದೆಯ ಭಾರ ಇಳಿಯುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿಡದೆ, ಬೇರೆಡೆ ಬೀಗ ಹಾಕಿ ಇಡಿ. ತಡಮಾಡದೆ 14416ಕ್ಕೆ ಕರೆ ಮಾಡಿ, ಅಪಾಯ ಸಮೀಪಿಸಿದಂತೆ ಕಂಡರೆ ಆಸ್ಪತ್ರೆಗೆ ಕರೆತನ್ನಿ. ಪೊಲೀಸ್ ಮೊಕದ್ದಮೆಯ ಭಯದಿಂದ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದೇ ಸಾಮಾನ್ಯವಾಗಿ ಭಾವಿಸಬೇಕು, ಅವರಿಗೆ ಶಿಕ್ಷೆಯಲ್ಲ, ಆರೈಕೆ ದೊರೆಯಬೇಕು ಎಂದು ಹೇಳುತ್ತದೆ. ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನೂ ಇದೇ ಕಾಯಿದೆ ನಿಷೇಧಿಸಿದೆ.

ದೂರವಾಣಿ ಸಾಲದ ಸಂದರ್ಭಗಳು

ದೂರಚಿಕಿತ್ಸೆಗೂ ಮಿತಿಯಿದೆ. ಆ ಮಿತಿಯನ್ನು ಅರಿಯದೆ ನಂಬಿ ಕುಳಿತರೆ ಅನಾಹುತವಾದೀತು.

ಮೊದಲನೆಯದಾಗಿ, ನಮ್ಮ ಹಿರಿಯರು "ಬಾಣಂತಿ ಸನ್ನಿ" ಎಂದು ಕರೆಯುವ ಕಾಯಿಲೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ತಾಯಿಗೆ ಹಗಲಿರುಳೂ ನಿದ್ರೆ ಇರುವುದಿಲ್ಲ, ಇಲ್ಲದ ಧ್ವನಿ ಕೇಳಿಸುತ್ತದೆ, ಮಗು ತನ್ನದಲ್ಲವೆಂದೋ, ಯಾರೋ ಬದಲಾಯಿಸಿದ್ದಾರೆಂದೋ ಹೇಳುತ್ತಾಳೆ. ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ, ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ತಾಯಿಗೂ ಮಗುವಿಗೂ ಅಪಾಯವಿರುವುದರಿಂದ ಇಬ್ಬರನ್ನೂ ಒಂಟಿಯಾಗಿ ಬಿಡದೆ, 108 ವಾಹನ ಕರೆಸಿ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ಸಕಾಲಕ್ಕೆ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಪೂರ್ಣ ಗುಣಮುಖರಾಗುತ್ತಾರೆ. ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿ ಚಿಕಿತ್ಸೆ ನೀಡುವ ವಿಭಾಗವೊಂದು ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು.

ಎರಡನೆಯದಾಗಿ, ಬಹುಕಾಲದಿಂದ ಪ್ರತಿದಿನ ಕುಡಿಯುತ್ತಿದ್ದವರು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆಗಳು ಬರಬಹುದು. ಇದು ಪ್ರಾಣಾಪಾಯಕರ. ಬಿಡುವ ಸಂಕಲ್ಪ ಶ್ಲಾಘನೀಯವೇ, ಆದರೆ ವೈದ್ಯರ ಕಣ್ಗಾವಲಿನಲ್ಲಿ ಬಿಡಬೇಕು.

ಮೂರನೆಯದಾಗಿ, ಔಷಧಿಗಳ ವಿಷಯ. ದೂರಚಿಕಿತ್ಸೆಯನ್ನು ಕುರಿತು ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೆಲವು ಔಷಧಿಗಳನ್ನು ಮೊದಲ ಸಲ ಕೊಡಬೇಕಾದರೆ ವೈದ್ಯರು ದೃಶ್ಯಸಂಪರ್ಕದಲ್ಲಿ ರೋಗಿಯನ್ನು ನೋಡಿಯೇ ಕೊಡಬೇಕು. ಮಾದಕ ಗುಣವುಳ್ಳ ಕೆಲವನ್ನು ದೂರದಿಂದ ಬರೆದುಕೊಡುವಂತೆಯೇ ಇಲ್ಲ. "ಫೋನಿನಲ್ಲಿ ನಿದ್ರೆಮಾತ್ರೆ ಬರೆದುಕೊಡಲಿಲ್ಲ" ಎಂದು ಕೋಪಗೊಳ್ಳಬೇಡಿ. ಅದು ನಿಮ್ಮ ರಕ್ಷಣೆಗಾಗಿಯೇ ಇರುವ ನಿಯಮ.

ದಂಪತಿಗಳು ವಿಶೇಷವಾಗಿ ನೆನಪಿಡಬೇಕಾದುವು

ಪರದೆಯ ಆಚೆ ಇರುವ ವೈದ್ಯರಿಗೆ ನೀವು ಹೇಳದ ಹೊರತು ತಿಳಿಯದ ಸಂಗತಿಗಳಿವೆ. ಹೆಂಡತಿ ಗರ್ಭಿಣಿಯೇ, ಹಾಲೂಡಿಸುತ್ತಿದ್ದಾಳೆಯೇ, ಮಗುವನ್ನು ಬಯಸುತ್ತಿದ್ದೀರೇ, ಯಾವ ಸಂತಾನ ನಿಯಂತ್ರಣ ವಿಧಾನ ಅನುಸರಿಸುತ್ತಿದ್ದೀರಿ ಎಂಬುದನ್ನು ನಾಚಿಕೆಯಿಲ್ಲದೆ ಮೊದಲೇ ತಿಳಿಸಬೇಕು. ಮೂರ್ಛೆ ರೋಗಕ್ಕೂ ಕೆಲವು ಮನೋವ್ಯಾಧಿಗಳಿಗೂ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧಿ ಗರ್ಭದಲ್ಲಿರುವ ಶಿಶುವಿನ ಬೆನ್ನುಹುರಿ ಮತ್ತು ಮಿದುಳಿಗೆ ಹಾನಿಯುಂಟುಮಾಡಬಲ್ಲದು. ಕಾರ್ಬಮಜೆಪಿನ್ ಎಂಬ ಮತ್ತೊಂದು ಔಷಧಿ ಸಂತಾನ ನಿಯಂತ್ರಣದ ನುಂಗುವ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಇಂತಹ ಮಾತ್ರೆ ಸೇವಿಸುತ್ತಿರುವವರು ಭಯಪಟ್ಟು ತಾವಾಗಿಯೇ ನಿಲ್ಲಿಸಬಾರದು. ಗರ್ಭ ಧರಿಸುವ ಮುಂಚೆಯೇ ವೈದ್ಯರನ್ನು ಕೇಳಿದರೆ ತಕ್ಕ ಬದಲಾವಣೆ ಮಾಡಿಕೊಡುತ್ತಾರೆ. ಹಾಲೂಡಿಸುವ ತಾಯಂದಿರಿಗೆ ಕೊಡಬಹುದಾದ ಖಿನ್ನತೆಯ ಔಷಧಿಗಳೂ ಇವೆ. ಆದುದರಿಂದ ಮಾತ್ರೆಯ ಹೆದರಿಕೆಯಿಂದ ಹಾಲು ಬಿಡಿಸುವುದಾಗಲಿ, ಹಾಲಿನ ನೆವದಿಂದ ಮಾತ್ರೆ ಬಿಡುವುದಾಗಲಿ ಬೇಡ.

ಖಿನ್ನತೆಯ ಮಾತ್ರೆಗಳು ನೋವಿನ ಮಾತ್ರೆಗಳಂತೆ ಒಂದೇ ಗಂಟೆಯಲ್ಲಿ ಗುಣ ತೋರುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಮೊದಲ ವಾರದಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ಇದನ್ನು ಕಂಡು "ಈ ಔಷಧಿ ನಮಗೆ ಒಗ್ಗದು" ಎಂದು ಮಾತ್ರೆಯನ್ನು ಬಿಸಾಡದೆ, ವೈದ್ಯರಿಗೆ ಕರೆ ಮಾಡಿ ತಿಳಿಸಿ. ಗುಣವಾಯಿತೆಂದು ಒಡನೆಯೇ ನಿಲ್ಲಿಸಿದರೂ ಕಾಯಿಲೆ ಮರಳುತ್ತದೆ. ಬಿತ್ತಿದ ಮಾರನೆಯ ದಿನವೇ ತೆನೆ ಕೊಯ್ಯಲಾದೀತೇ?

ದೃಶ್ಯಸಂಪರ್ಕಕ್ಕೆ ಬರುವಾಗ ಹಳೆಯ ಚೀಟಿಗಳು, ಮಾತ್ರೆಯ ಪಟ್ಟಿಗಳು, ತಾಯಿ ಕಾರ್ಡು ಇವುಗಳನ್ನು ಜೊತೆಗೆ ತನ್ನಿ. ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳಿಂದಾದರೂ ಕಾಗದದ ಮೇಲೆ ಬರೆಯಿಸಿಕೊಳ್ಳಿ. ಸಂಪರ್ಕ ಕಡಿದುಹೋದರೆ ನಿರಾಶರಾಗದೆ ಮತ್ತೆ ಪ್ರಯತ್ನಿಸಿ. ವಿದ್ಯುತ್ತು ಹೋಗುವುದು, ಧ್ವನಿ ತಡೆಯುವುದು ನಮ್ಮಲ್ಲಿ ಹೊಸದೇನಲ್ಲ. ಮತ್ತೊಂದು ಮಾತು. ಸರ್ಕಾರದ ಈ ಸೇವೆಗೆ ಯಾರೂ ಹಣ ಕೇಳುವುದಿಲ್ಲ, ಬ್ಯಾಂಕಿನ ಗುಪ್ತಸಂಖ್ಯೆಯನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಅದು ಮೋಸವೆಂದು ತಿಳಿಯಿರಿ.

ದೇವರಿಗೆ ಹರಕೆ ಹೊತ್ತವರನ್ನು ನಾನು ಆಕ್ಷೇಪಿಸುವುದಿಲ್ಲ. ಅದರಿಂದ ಧೈರ್ಯ ಬರುವುದಾದರೆ ಬರಲಿ. ಹರಕೆಯ ಜೊತೆಗೆ ಮಾತ್ರೆಯೂ ಇರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಇಂದು ರಾತ್ರಿ ಮಾಡಬೇಕಾದ ಕೆಲಸ

ಮಾನ್ಯರೇ, ಮನೋವೈದ್ಯರು ದೂರದಲ್ಲಿದ್ದಾರೆ ಎಂಬ ಕಾರಣ ಇನ್ನು ಮುಂದೆ ಉಳಿದಿಲ್ಲ. ಉಳಿದಿರುವುದು ಒಂದೇ ದೂರ, ಅದು ಒಂದೇ ಸೂರಿನಡಿ ಇರುವ ಇಬ್ಬರ ನಡುವಣ ದೂರ. ಅದನ್ನು ಯಾವ ಯಂತ್ರವೂ ತುಂಬಲಾರದು. ನಾವು ವೈದ್ಯರು ಕೇಳಲು ಮರೆತ ಪ್ರಶ್ನೆಯನ್ನು ನೀವು ಮರೆಯಬೇಡಿ. ಇಂದು ಮನೆಗೆ ಹೋಗಿ, ಮಕ್ಕಳು ಮಲಗಿದ ಮೇಲೆ, ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಕೇಳಲಿ: "ನೀನು ಹೇಗಿದ್ದೀ?", "ನೀವು ಹೇಗಿದ್ದೀರಿ?" ಉತ್ತರ ಬರುವವರೆಗೆ ಕಾಯಿರಿ. ಬಂದ ಉತ್ತರಕ್ಕೆ ನಗಬೇಡಿ, ಬಯ್ಯಬೇಡಿ, ಬುದ್ಧಿವಾದವನ್ನೂ ಹೇಳಬೇಡಿ, ಕೇಳಿಸಿಕೊಳ್ಳಿ. ಆ ಉತ್ತರ ನಿಮ್ಮಿಬ್ಬರ ಶಕ್ತಿಗೂ ಮೀರಿದ್ದೆಂದು ತೋರಿದರೆ ಗೋಡೆಯ ಮೇಲೆ ಬರೆದಿಟ್ಟ ಐದು ಅಂಕಿಗಳಿವೆ, ನಮ್ಮ ಕೇಂದ್ರದ ಬಾಗಿಲೂ ಇದೆ.

ಆ ತಾಯಿಯ ಮಗು ಈಗ ಶಾಲೆಗೆ ಹೋಗುತ್ತಿದೆ. ಕಳೆದ ಸಲ ಆಕೆಯನ್ನು ಕಂಡಾಗ ನಾನು ಕೇಳುವ ಮುನ್ನವೇ, "ನೀವು ಹೇಗಿದ್ದೀರಿ ಡಾಕ್ಟರೇ?" ಎಂದು ಆಕೆಯೇ ನನ್ನನ್ನು ಕೇಳಿದಳು. ನಿಮ್ಮ ಮನೆಗಳಲ್ಲಿಯೂ ಈ ಪ್ರಶ್ನೆ ರೂಢಿಗೆ ಬರಲಿ ಎಂದು ಹಾರೈಸುತ್ತೇನೆ.